ರೂತಮ್ಮ ಬಿಟ್ಟ ಜಾಗ

ಹುರಿದ ಹುಣಸೆ ಬೀಜದ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಚಿಕ್ಕಂದಿನಲ್ಲಿ ಒಲೆಯ ಬಿಸಿ ಬೂದಿಯಲ್ಲಿ ಹುದುಗಿಸಿ, ಸಿಪ್ಪೆ ಬಿರಿದ ಮೇಲೆ ಕಟಕಟ ಕಡಿದವರಿಗೆ ಗೊತ್ತಿರುತ್ತದೆ. ಹಲ್ಲು ಕಟ್ಟಿಸಿಕೊಂಡ ಮೇಲೆ ನನಗೆ ಅದರ ಸಹವಾಸ ತಪ್ಪಿತ್ತು. ಆ ವಾಸನೆ ಹೋದ ವಾರ ಹಿರಿಯೂರಿನ ನಮ್ಮ ಮನೆಯ ಬಾಗಿಲಿಗೆ ತಾನಾಗಿ ಬಂತು. ಬಂದದ್ದು ಅಮೆರಿಕದಿಂದ, ಅಂಚೆಯವನ ಕೈಯಲ್ಲಿ, ಮೂಲೆ ಹರಿದ ಒಂದು ಪಾರ್ಸಲ್ಲಿನೊಳಗಿನಿಂದ.

ಮೇಲಿನ ರಟ್ಟು ಬಿಚ್ಚಿದೆ. ಒಳಗೆ ಒಂದು ಪುಸ್ತಕ. ಅದಕ್ಕೆ ಹೊದಿಸಿದ್ದು ದಪ್ಪನೆಯ, ಹಳದಿ ತಿರುಗಿದ, ಒರಟು ಕಾಗದ. ವಾಸನೆ ಅದರದೇ. ಮೇಲೊಂದು ಚೀಟಿ, ಕನ್ನಡದಲ್ಲಿ: "ಮೇಷ್ಟ್ರೇ, ನಲವತ್ತೊಂದನೇ ಪುಟ ನೋಡಿ. ರೂತ್." ಅಕ್ಷರಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ಬಲಗೈ ಸಂಧಿವಾತದಿಂದ ಸೊಟ್ಟಗಾದ ಮೇಲೆ ಆಕೆ ಎಡಗೈಯಲ್ಲಿ ಬರೆಯುವುದು ಕಲಿತಿದ್ದಾಳೆ.

ಪುಸ್ತಕವನ್ನು ಹೊದಿಕೆಯ ಸಮೇತ ಟೀವಿಯ ಪಕ್ಕ ಇಟ್ಟೆ. ಒಂದು ದಿನ ಆಯಿತು, ಎರಡು ದಿನ ಆಯಿತು. ನಾಲ್ಕನೇ ದಿನ ನನ್ನ ಹೆಂಡತಿ ಶಾರದಳ ತಾಳ್ಮೆ ಮುಗಿಯಿತು.

"ಏನ್ರೀ, ಅದನ್ನ ಬಿಚ್ಚಾಕೆ ಪಂಚಾಂಗ ನೋಡಿಸ್ಬೇಕಾ? ಮನೆ ತುಂಬ ಕಂಬಳಿ ವಾಸನೆ ಹೊಡೀತೈತೆ."

"ನೋಡಾಣ ಇರೇ."

"ನೋಡಾಣ ಏನು ನೋಡಾಣ? ಹೆದರ್ಕಂಡಿದೀರಿ ಅಂತ ಹೇಳ್ರಿ."

ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಮುಂದೆ ಗಾಂಭೀರ್ಯ ನಡೆಯುವುದಿಲ್ಲ. ಹೆದರಿದ್ದೆ, ನಿಜ. ಮೂವತ್ತು ವರ್ಷದ ಕೆಳಗೆ ಈ ರೂತಮ್ಮನ ಜೀವಮಾನದ ಒಂದು ಒಳ್ಳೆಯ ಚಿತ್ರವನ್ನು ನಾನು ಹಾಳು ಮಾಡಿದೆ. ಅದನ್ನು ಆಕೆ ಸರಿಪಡಿಸಿಕೊಂಡಳೋ, ಹರಿದು ಎಸೆದಳೋ, ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ, ತಾನಾಗಿ ಆಕೆ ಹೇಳಲಿಲ್ಲ. ನಲವತ್ತೊಂದನೇ ಪುಟದಲ್ಲಿ ಇರುವುದು ಅದೇ ಎಂದು ನನಗೆ ಖಾತ್ರಿಯಿತ್ತು. ಪುಟ ತಿರುಗಿಸುವ ಮೊದಲು ನಿಮಗೂ ಸಂಗತಿ ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳುವಾಗ ಪಕ್ಕದಲ್ಲಿ ಯಾರಾದರೂ ಇದ್ದರೆ ವಾಸಿ.

ನಾನು ಹೊಸದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಡ್ರಾಯಿಂಗ್ ಮೇಷ್ಟ್ರು ಅಂದರೆ ನಿಮಗೆ ಗೊತ್ತಲ್ಲ, ಗಣಿತದವರು ರಜೆ ಹಾಕಿದರೆ ಆ ಪೀರಿಯಡ್ ನಮಗೆ, ವಾರ್ಷಿಕೋತ್ಸವದ ಬ್ಯಾನರು ನಮಗೆ, ಶಾಲೆಯ ಗೋಡೆಯ ಮೇಲೆ ಸುಭಾಷಿತ ಬರೆಯುವ ಕೆಲಸವೂ ನಮಗೆ. ಆದರೂ ನನಗೆ ನನ್ನ ಮೇಲೆ ಬಹಳ ದೊಡ್ಡ ಅಭಿಪ್ರಾಯವಿತ್ತು. ಹೂಜಿ, ಬಾಳೆಹಣ್ಣು, ಬಿಚ್ಚಿದ ಕೊಡೆ, ಇವುಗಳಲ್ಲಿ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಕೈ ಬರೆಯಲು ಬರುತ್ತಿತ್ತು. ಮನುಷ್ಯರ ಕೈ ಬರೆಯುವುದು ಕಷ್ಟ. ಹುಡುಗರು ಆಳಿನ ಚಿತ್ರ ಬರೆದರೆ ಕೈಗಳನ್ನು ಸೊಂಟದ ಹಿಂದೆ ಬಚ್ಚಿಡುತ್ತಾರೆ, ಇಲ್ಲವೇ ಜೇಬಿಗೆ ಹಾಕಿಬಿಡುತ್ತಾರೆ. ನಾನು ಬಿಡುತ್ತಿರಲಿಲ್ಲ. "ಯಾಕಲೇ, ಇವನು ಹುಟ್ತಾನೇ ಕೈಯಿಲ್ದೆ ಹುಟ್ಟಿದ್ನಾ?" ಎಂದು ಪೆನ್ಸಿಲ್ ಕಸಿದುಕೊಂಡು ನಾನೇ ಐದು ಬೆರಳು ಕೂಡಿಸಿಕೊಡುತ್ತಿದ್ದೆ. ಹಾಳೆಯಲ್ಲಿ ಖಾಲಿ ಜಾಗ ಬಿಟ್ಟರೆ ಎರಡು ಮಾರ್ಕು ಕಡಿತ. ಇದು ನನ್ನ ಕಾನೂನು. ಹೀಗೆ ಇಪ್ಪತ್ತು ವರ್ಷದಲ್ಲಿ ಸಾವಿರಾರು ಕೈ ಅಂಟಿಸಿರಬೇಕು.

ಅಂಥ ಕಾಲದಲ್ಲಿ ಒಂದು ದಿನ ಹೆಡ್‌ಮಾಸ್ಟರು ಕರೆಸಿದರು. ಭೀಮಸಮುದ್ರದ ಕಡೆಯವರು, ಬಾಯಲ್ಲಿ ಅಡಿಕೆ ಇರಿಸಿಕೊಂಡೇ ಆಜ್ಞೆ ಮಾಡುವವರು. ಅವರ ಎದುರಿನ ಕುರ್ಚಿಯಲ್ಲಿ ಐವತ್ತರ ಹತ್ತಿರದ ಒಬ್ಬ ಬಿಳಿ ಹೆಂಗಸು. ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. ಉಗುರಿನ ಸಂದಿಯಲ್ಲೆಲ್ಲ ಮಸಿ.

"ಇವರು ಅಮೆರಿಕದವರು. ಚಿತ್ರ ಬರೀತಾರಂತೆ, ಪುಸ್ತಕಾನೂ ಬರೀತಾರಂತೆ. ಕಂಬಳಿ ಮಾಡೋ ಜನನ ನೋಡ್ಬೇಕಂತೆ. ನೀವು ಸ್ವಲ್ಪ ಇಂಗ್ಲಿಷ್ ಬಲ್ಲೋರು, ಜೊತೆಗಿರ್ರಿ" ಅಂದರು ಹೆಡ್‌ಮಾಸ್ಟರು.

ಆಕೆ ಎದ್ದು ನಿಂತು ಕೈ ಮುಗಿದು, "ತಮ್ಮ ಪರಿಚಯವಾದದ್ದು ನನಗೆ ಪರಮ ಸಂತೋಷ" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಹೇಳಿದಳು. ಎರಡು ತಿಂಗಳಲ್ಲಿ ಆ ಪರಮ ಸಂತೋಷವೆಲ್ಲ ಹೋಗಿ, "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ, ಚಾ ಐತೆ" ಎಂಬಲ್ಲಿಗೆ ಬಂದು ನಿಂತಿತು. ಊರು ಆಕೆಯನ್ನು ರೂತಮ್ಮ ಮಾಡಿಕೊಂಡಿತು.

ಊರಿಗೆ ಆಕೆಯ ವಿಷಯದಲ್ಲಿ ಇದ್ದ ತಕರಾರು ಒಂದೇ. ಆಕೆ ದಿನಾ ಬೇಕರಿಯಲ್ಲಿ ಒಂದು ಬನ್ನು ಕೊಳ್ಳುತ್ತಿದ್ದಳು. ಮೇಲಿನ ಕಂದು ಸಿಪ್ಪೆ ತಿಂದು, ಒಳಗಿನ ಬಿಳಿ ತಿರುಳನ್ನು ಉಂಡೆ ಮಾಡಿ ಜೇಬಿನಲ್ಲಿಡುತ್ತಿದ್ದಳು. ಇದ್ದಿಲಿನಲ್ಲಿ ಬರೆದದ್ದನ್ನು ಅಳಿಸಲು ಅದೇ ಆಕೆಯ ರಬ್ಬರು. "ತಿನ್ನೋ ಪದಾರ್ಥದಾಗೆ ಅಳಿಸ್ತಾಳಲ್ಲಪ್ಪ, ಅನ್ನದೇವ್ರು ಮೆಚ್ತಾನಾ?" ಎಂದು ಬೇಕರಿಯವನೇ ನನ್ನ ಹತ್ತಿರ ದೂರು ಹೇಳಿದ. ಹೇಳಿದರೂ ಬನ್ನು ಮಾರುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬಸ್ಸಿಗೆ ಕಾಯುವಾಗ ರೂತಮ್ಮ ತನ್ನ ಕಥೆ ಹೇಳುತ್ತಿದ್ದಳು, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಆಕೆ ಹುಟ್ಟಿದ್ದು ಉಣ್ಣೆ ಗಿರಣಿಯ ಊರಿನಲ್ಲಿ. ಅಪ್ಪ ಬಣ್ಣದ ತೊಟ್ಟಿಯ ಮುಂದೆ ನಿಂತು ದುಡಿದವನು. ಸೋಮವಾರ ನೀಲಿ ಕೈ, ಗುರುವಾರ ಕೆಂಪು ಕೈ ಮನೆಗೆ ಬರುತ್ತಿತ್ತಂತೆ. ಚಿತ್ರಕಲೆ ಓದುತ್ತೇನೆ ಅಂದಾಗ ಅಪ್ಪ, "ಬಣ್ಣ ಮನೇಲಿ ನನ್ನ ಮೈಮೇಲೇ ಸಾಕಷ್ಟಿದೆ" ಅಂದನಂತೆ. ಹಟ ಮಾಡಿ ಓದಿದಳು. ಕೆಲಸ ಸಿಕ್ಕಿದ್ದು ಪತ್ರಿಕೆಯ ಜಾಹೀರಾತಿಗೆ ಬೂಟು ಬರೆಯುವುದು.

"ಹನ್ನೊಂದು ವರ್ಷ ಬೂಟು ಬರೆದೆ ಮೇಷ್ಟ್ರೇ. ಎಡಗಾಲಿಂದು, ಬಲಗಾಲಿಂದು, ಹೆಂಗಸರದ್ದು, ಮಕ್ಕಳದ್ದು. ಒಂದು ದಿನವೂ ಒಳಗೆ ಕಾಲಿಲ್ಲ."

ನನಗೆ ನಗು ಬಂತು. ಆಮೇಲೆ ಯೋಚಿಸಿದೆ, ನಾನು ಬರೆದ ಕೊಡೆಗಳ ಕೆಳಗೂ ಯಾವತ್ತೂ ಮನುಷ್ಯರಿರಲಿಲ್ಲ. ಅದನ್ನು ಮಾತ್ರ ಆಕೆಗೆ ಹೇಳಲಿಲ್ಲ.

ಬೂಟು ಬಿಟ್ಟು, ಮುದುಕಿಯರ, ಕೆಲಸಗಾರರ ಚಿತ್ರಗಳನ್ನು ದೊಡ್ಡದಾಗಿ ಬರೆಯತೊಡಗಿದಳು. ಪ್ರತಿ ಚಿತ್ರದ ಪಕ್ಕ ಅವರ ಬಗ್ಗೆ ಒಂದು ಪುಟ ಬರಹ. ನಲವತ್ತನೇ ವಯಸ್ಸಿನಲ್ಲಿ ಮೊದಲ ಪ್ರದರ್ಶನ. ನೋಡಿದ ಪಂಡಿತರು, ಹಾಳೆಯ ತುಂಬ ಬಿಳಿ ಜಾಗವೇ ಇದೆ, ಈಕೆಗೆ ಮುಗಿಸಲು ಬರುವುದಿಲ್ಲ ಎಂದು ಬರೆದರು. ಒಂದೂ ಮಾರಾಟವಾಗಲಿಲ್ಲ. ಬರೆಯುವವರು ಆಕೆಯನ್ನು ಚಿತ್ರದವಳು ಅಂದರು, ಚಿತ್ರದವರು ಬರೆಯುವವಳು ಅಂದರು. "ನಿಮ್ಮಲ್ಲಿ ಒಳ್ಳೇದು. ಚಿತ್ರಾನೂ ಬರೀತೀರಿ, ಕಾಗದಾನೂ ಬರೀತೀರಿ. ಇಲ್ಲಿ ನಾನು ಒಂದೇ ಕೆಲಸದೋಳು" ಎಂದು ಸಂತೋಷಪಡುತ್ತಿದ್ದಳು. ಕಂಬಳಿಯ ಚಿತ್ರಗಳೂ ಸೋತರೆ ಊರಿಗೆ ಹೋಗಿ ಅಂಗಡಿ ಕೆಲಸ ಹುಡುಕುತ್ತೇನೆ ಅಂತಲೂ ಹೇಳಿದ್ದಳು. ತಮಾಷೆಗೆ ಹೇಳಿದ್ದಲ್ಲ.

ಖಾಲಿ ಜಾಗದ ವಿಷಯದಲ್ಲಿ ನಾನೂ ಮನಸ್ಸಿನೊಳಗೆ ಆ ಪಂಡಿತರ ಕಡೆಯೇ. ಒಮ್ಮೆ ಬಾಯಿಬಿಟ್ಟು ಹೇಳಿಯೂಬಿಟ್ಟೆ, ನಮ್ಮ ಶಾಲೆಯಲ್ಲಾದರೆ ನಿಮಗೆ ಎರಡು ಮಾರ್ಕು ಹೋಗುತ್ತಿತ್ತು ಅಂತ. ಆಕೆ ರಸ್ತೆಯಾಚೆಯ ಮನೆ ಬಾಗಿಲು ತೋರಿಸಿ ಕೇಳಿದಳು: "ಆ ರಂಗೋಲಿಯ ಗೆರೆಗಳ ನಡುವೆ ನೆಲ ಹಂಗೇ ಐತಲ್ಲ, ಆ ಅಮ್ಮನಿಗೆ ಎಷ್ಟು ಮಾರ್ಕು ಕಟ್ ಮಾಡ್ತೀರಿ?" ಸಿಟ್ಟು ಬಂತು. ಉತ್ತರ ಹೊಳೆಯದಿದ್ದಾಗ ನನಗೆ ಬರುವುದು ಸಿಟ್ಟೇ.

ಹೊಸದುರ್ಗದಿಂದ ಎಂಟು ಮೈಲಿ ದೂರದ ಒಂದು ಹಟ್ಟಿಗೆ ನಾವು ಹೋಗುತ್ತಿದ್ದೆವು. ಕುರಿ ಸಾಕಿ ಕಂಬಳಿ ನೇಯುವ ಮನೆಗಳು. ಕಂಬಳಿ ಒರಟಾಗಿರುವುದು ಉಣ್ಣೆಯಿಂದ, ಗಟ್ಟಿಯಾಗಿರುವುದು ಹುಣಸೆ ಬೀಜದಿಂದ. ಬೀಜ ಹುರಿದು, ಸಿಪ್ಪೆ ಕಳೆದು, ನೆನೆಸಿ ರುಬ್ಬಿ, ಗಂಜಿ ಕಾಯಿಸುತ್ತಾರೆ. ಬೀದಿಯುದ್ದಕ್ಕೆ ಬಿಗಿದು ಕಟ್ಟಿದ ನೂಲಿನ ಮೇಲೆ ಬೆಳಿಗ್ಗೆ ಬೆಳಿಗ್ಗೆ ಅದನ್ನು ಬಳಿದು ಬಿಸಿಲಿಗೆ ಬಿಡುತ್ತಾರೆ. ಆ ಹಟ್ಟಿಯಲ್ಲಿ ಗಂಜಿಯ ಹದ ತಿಳಿದವಳು ಕರಿಯಮ್ಮ. ಗಂಡ ಸತ್ತವಳು, ಮಗಳು ಹನುಮಕ್ಕನ ಜೊತೆ ಇದ್ದಳು. ದೊಡ್ಡ ಮುಖ, ದೊಡ್ಡ ದನಿ. ಬಲಗೈಯಲ್ಲಿ ಸೌಟು, ಎಡಗೈ ಯಾವಾಗಲೂ ಸೆರಗಿನೊಳಗೆ. ಪರಗಂಡಸರ ಮುಂದೆ ಮರ್ಯಾದೆಯಿರಬೇಕು ಅಂದುಕೊಂಡೆ. ಬೀದಿಯ ಕಟ್ಟೆಯ ಮೇಲೆ ಕೂತು ಅತ್ತಲ ಮಾತು ಇತ್ತ, ಇತ್ತಲ ಮಾತು ಅತ್ತ ಸಾಗಿಸುವುದು ನನ್ನ ಕೆಲಸ. ಅಂಗಳ ದಾಟಿ ಒಳಗೆ ಹೋದವನಲ್ಲ.

ಒಂದು ದಿನ ಕರಿಯಮ್ಮ ಮಿಕ್ಕ ಗಂಜಿಯನ್ನು ತಾನಾಗಿಯೇ ರೂತಮ್ಮನ ದಪ್ಪ ಕಾಗದಕ್ಕೆ ಬಳಿದಳು. "ನೂಲಿಗೆ ಗಟ್ಟಿ ಬರ್ತೈತೆ ಅಂದ್ರೆ ಕಾಗ್ದಕ್ಕೆ ಬರಾಕಿಲ್ವಾ? ಒಣಗ್ಲಿ ಬಿಡವ್ವ, ಆಮ್ಯಾಲೆ ಬರಿ." ಒಣಗಿದ ಹಾಳೆಯ ಮೇಲೆ ಇದ್ದಿಲು ಎಳೆದಾಗ ರೂತಮ್ಮ ಗೆರೆಯನ್ನೇ ನೋಡುತ್ತಾ ಕೂತುಬಿಟ್ಟಳು. ಇಂಥ ಕಪ್ಪು ತನಗೆ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ ಅಂದಳು. ಅವತ್ತಿನಿಂದ ಆಕೆ ಬೇರೆ ಕಾಗದ ಮುಟ್ಟಲಿಲ್ಲ.

ಆ ಹಾಳೆಯ ಮೇಲೆ ಕರಿಯಮ್ಮನ ಚಿತ್ರ ಬರೆಯಲು ಇಪ್ಪತ್ತು ದಿನ ಹಿಡಿಯಿತು. ಅಷ್ಟೂ ದಿನ ರೂತಮ್ಮ ಅವರ ಮನೆಯಲ್ಲೇ ಉಂಡು ಮಲಗಿದಳು, ನನ್ನನ್ನು ಬರಬೇಡಿ ಅಂದಳು. ಚಿತ್ರ ಹಿಡಿದು ಹೊಸದುರ್ಗಕ್ಕೆ ವಾಪಸು ಬಂದದ್ದು ಊರಿಗೆ ಹೊರಡಲು ನಾಲ್ಕು ದಿನ ಇರುವಾಗ. ಮಾರನೇ ದಿನ ಪಕ್ಕದ ಮನೆಯವರು ಹಾಲುರಾಮೇಶ್ವರಕ್ಕೆ ಹೊರಟಿದ್ದರು. ಅಲ್ಲಿಯ ಕೊಳದ ಮುಂದೆ ಬೇಡಿಕೊಂಡು ಕೂತರೆ ಹೂವೋ ಹಣ್ಣೋ ತೇಲಿಬರುತ್ತದೆ ಎಂದು ಕೇಳಿ ಆಕೆಯೂ ಹೊರಟಳು. "ಇಲಿ ಬಾರದ ಜಾಗದಲ್ಲಿ ಇಡ್ರಿ" ಎಂದು ಚಿತ್ರವನ್ನು ನನ್ನ ಕೈಗೆ ಕೊಟ್ಟಳು.

ಶಾಲೆಯ ಡ್ರಾಯಿಂಗ್ ರೂಮಿನಲ್ಲಿ ಒಬ್ಬನೇ ಬಿಚ್ಚಿ ನೋಡಿದೆ. ಏನು ಹೇಳಲಿ! ಕರಿಯಮ್ಮ ಅಲ್ಲೇ ಕೂತಿದ್ದಳು. ಗಂಜಿಯ ಹಬೆಗೆ ಕಣ್ಣು ಕಿರಿದು ಮಾಡಿಕೊಂಡದ್ದು, ಬಲಗೈ ಸೌಟಿನ ಮೇಲೆ ಬಿಗಿದದ್ದು, ಎಲ್ಲಾ ಇತ್ತು. ನನ್ನ ಇಪ್ಪತ್ತು ವರ್ಷದ ಹೂಜಿಗಳ ಮೇಲೆ ನನಗೇ ನಾಚಿಕೆಯಾಯಿತು. ಆಮೇಲೆ ಎಡಗಡೆ ನೋಡಿದೆ. ತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಇಳಿದು ಬಂದು ಅಲ್ಲಿಗೆ ನಿಂತಿತ್ತು. ಮುಂದೆ ಬರೀ ಕಾಗದ. ಅಂಗೈ ಅಗಲದ ಖಾಲಿ ಜಾಗ.

ಓಹೋ, ಅಂದುಕೊಂಡೆ. ಇವಳಿಗೂ ಕೈ ಕಷ್ಟ!

ನಿಮ್ಮ ಮುಂದೆ ಸುಳ್ಳು ಯಾಕೆ, ನನಗೆ ಸಂತೋಷವಾಯಿತು. ಇಡೀ ಚಳಿಗಾಲ ಆಕೆಯ ಮುಂದೆ ಕುಗ್ಗಿಕೊಂಡು ಓಡಾಡಿದವನಿಗೆ ಕಡೆಗೂ ಒಂದು ಕೊರತೆ ಸಿಕ್ಕಿತು. ಪಾಪ, ಪರದೇಶದ ಹೆಂಗಸು, ಮೂರೇ ದಿನ ಉಳಿದಿದೆ, ಅಲ್ಲಿಯ ಪಂಡಿತರು ಮತ್ತೆ ಮುಗಿಸಲು ಬಾರದವಳು ಅನ್ನುತ್ತಾರೆ. ಕೈ ಬರೆಯುವುದರಲ್ಲಿ ತಾಲ್ಲೂಕಿಗೇ ಹೆಸರಾದ ನಾನು ಇಲ್ಲಿ ಕೂತಿದ್ದೇನೆ. ಆಕೆಯದೇ ಇದ್ದಿಲು ತೆಗೆದುಕೊಂಡೆ. ಒಂದು ತಾಸು ಕೂತೆ. ಮೊಣಕಾಲ ಮೇಲೆ ಹಗುರಾಗಿ ಇಟ್ಟ ಕೈ. ಐದು ಬೆರಳು, ಗೆಣ್ಣು, ಉಗುರು, ಎಲ್ಲ ಲಕ್ಷಣವಾಗಿ. ನನ್ನ ಜೀವನದಲ್ಲಿ ಬರೆದ ಅತ್ಯುತ್ತಮ ಕೈ ಅದು. ಬರೆದು ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮರುದಿನ ರೂತಮ್ಮ ನಗುನಗುತ್ತಾ ಬಂದಳು. ಕೊಳದಲ್ಲಿ ತನಗೂ ಒಂದು ಹೂವು ತೇಲಿಬಂತೆಂದು ಕರ್ಚೀಫು ಬಿಚ್ಚಿ ತೋರಿಸಿದಳು. ನಾನು ಜಾದೂಗಾರನ ಹಾಗೆ ಚಿತ್ರ ಬಿಚ್ಚಿ ಮುಂದೆ ಹಿಡಿದೆ.

ಆಕೆಯ ಮುಖ ಸುಣ್ಣದ ಹಾಗಾಯಿತು. "ಏನ್ ಮಾಡಿದ್ರಿ ಮೇಷ್ಟ್ರೇ?" ಅಂದಳು ಮೆಲ್ಲಗೆ.

"ನೀವು ಬಿಟ್ಟಿದ್ರಲ್ಲ, ಅದಕ್ಕೆ ನಾನು..."

"ಆ ಕೈಯಲ್ಲಿ ಎರಡು ಬೆರಳಿಲ್ಲ."

ಕರಿಯಮ್ಮ ಮದುವೆಯಾಗಿ ಬಂದ ವರ್ಷ ಹುಲ್ಲು ಹಿರಿಯುವಾಗ ಹಾವು ಕಚ್ಚಿತಂತೆ. ಗಂಡ ಅಲ್ಲೇ ಇದ್ದ ಕುಡುಗೋಲಿನಿಂದ ಎರಡು ಬೆರಳು ಕತ್ತರಿಸಿ ಜೀವ ಉಳಿಸಿದನಂತೆ. ಅವತ್ತಿನಿಂದ ಆ ಕೈ ಸೆರಗಿನಿಂದ ಹೊರಗೆ ಬಂದಿರಲಿಲ್ಲ. "ಅದೊಂದು ಬರೀಬ್ಯಾಡ ಕಣವ್ವ" ಎಂದು ಕರಿಯಮ್ಮ ಕೇಳಿಕೊಂಡಿದ್ದಳು. ಬರೆದರೆ ಕರಿಯಮ್ಮನಿಗೆ ಕೊಟ್ಟ ಮಾತು ತಪ್ಪುತ್ತದೆ, ಚೆಂದ ಮಾಡಿ ಬರೆದರೆ ಸುಳ್ಳಾಗುತ್ತದೆ. ಹದಿನೆಂಟು ದಿನ ಯೋಚಿಸಿ ರೂತಮ್ಮ ಆ ಜಾಗವನ್ನು ಬಿಟ್ಟಿದ್ದಳು. ನಾನು ಅದನ್ನು ಒಂದು ತಾಸಿನಲ್ಲಿ ತುಂಬಿಸಿದ್ದೆ.

"ಒಂದು ಚಳಿಗಾಲ ಅವರ ಮನೆ ಮುಂದೆ ಕುಂತಿದ್ರಿ ಮೇಷ್ಟ್ರೇ. ಒಂದು ಸಲವೂ ನೋಡ್ಲಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಜೇಬಿನಿಂದ ಬನ್ನಿನ ತಿರುಳು ತೆಗೆದಳು. ಅಳಿಸಲು ಕೈ ಎತ್ತಿ, ಮತ್ತೆ ಇಳಿಸಿದಳು. ಗಂಜಿ ಹೀರಿದ ಹಾಳೆ ಉಜ್ಜಿದರೆ ಏನಾಗುತ್ತದೋ ಆಕೆಗೂ ಗೊತ್ತಿರಲಿಲ್ಲ. ನಾನು ಅಲ್ಲಿ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಡಿದೆ ಅಂತಲೇ ಹೇಳಬೇಕು. ಮೂರನೇ ದಿನ ಆಕೆ ಚಿತ್ರದುರ್ಗದ ಬಸ್ಸು ಹತ್ತಿದಾಗ ಇಡೀ ಬೀದಿ ಬಸ್ ಸ್ಟ್ಯಾಂಡಿನಲ್ಲಿತ್ತಂತೆ. ನಾನು ಜ್ವರ ಅಂತ ಹೊದ್ದು ಮಲಗಿದ್ದೆ. ಶಾರದ ಹಣೆ ಮುಟ್ಟಿ ನೋಡಿ, "ಜ್ವರಾನೂ ಇಲ್ಲ, ಮಣ್ಣೂ ಇಲ್ಲ" ಎಂದು ಒಳಗೆ ಹೋದಳು.

ಮಾರನೇ ವರ್ಷ ಹಿರಿಯೂರಿಗೆ ವರ್ಗ ಕೇಳಿ ಹಾಕಿಸಿಕೊಂಡೆ. ಬಬ್ಬೂರಿನ ಕಡೆ ಸೈಟು ತೆಗೆದುಕೊಂಡು ಮನೆ ಕಟ್ಟಿದೆ. ಹೊಸದುರ್ಗಕ್ಕೆ ಮದುವೆ ಮುಂಜಿಗೆ ಹೋದರೂ ಆ ಹಟ್ಟಿಯ ದಾರಿ ಹಿಡಿಯಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಮುಚ್ಚಿಟ್ಟುಕೊಂಡ ಕೈಯನ್ನು ಅಣಕಿಸಿದ ಹಾಗೆ ಬರೆದವನು.

ಒಂದು ಮಾತು ಹೇಳಬೇಕು, ಶಾಲೆಯಲ್ಲಿ ನಾನು ಮತ್ತೆ ಯಾವ ಹುಡುಗನ ಹಾಳೆಯ ಮೇಲೂ ಕೈ ಬರೆಯಲಿಲ್ಲ. ಮಕ್ಕಳು ಮೇಷ್ಟ್ರಿಗೆ ವಯಸ್ಸಾಯಿತು ಅಂದುಕೊಂಡರು.

ರೂತಮ್ಮ ಮಾತ್ರ ವರ್ಷಕ್ಕೊಂದು ಕಾಗದ ಬರೆದಳು. ಕಂಬಳಿಯ ಚಿತ್ರಗಳು ಸೋಲಲಿಲ್ಲ. ಪುಸ್ತಕವಾದವು, ಜನ ನಿಂತು ನೋಡಿದರಂತೆ. ಒಂದು ಕಾಲೇಜಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಗಿರಣಿ ಮುಚ್ಚಿದ ತನ್ನ ಊರಿನ ಬಗ್ಗೆ, ಅಪ್ಪನ ಬಣ್ಣದ ಕೈಗಳ ಬಗ್ಗೆ ಇನ್ನೊಂದು ಪುಸ್ತಕ ಬರೆದಳು. ಎಲ್ಲದಕ್ಕೂ ಹುಣಸೆ ಬೀಜದ ಗಂಜಿ ಬಳಿದ ಕಾಗದವೇ. ಅಲ್ಲಿಯ ಇಂಡಿಯಾ ಅಂಗಡಿಯಲ್ಲಿ ಬೀಜವಿರುವ ಹುಣಸೆಹಣ್ಣು ಸಿಗುತ್ತದಂತೆ. ಹಣ್ಣು ಪಕ್ಕದ ಮನೆಯವರಿಗೆ, ಬೀಜ ತನಗೆ. ಆಕೆಯ ಪುಸ್ತಕ ಸಿಕ್ಕಾಗಲೆಲ್ಲ ಮೊದಲು ಕರಿಯಮ್ಮನನ್ನು ಹುಡುಕುತ್ತಿದ್ದೆ. ಯಾವುದರಲ್ಲೂ ಇರಲಿಲ್ಲ. ಅಂದರೆ ಹಾಳಾಗಿದೆ, ನಾನೇ ಹಾಳು ಮಾಡಿದ್ದು, ಎಂದು ಪ್ರತಿ ಸಲವೂ ಪುಸ್ತಕ ಮುಚ್ಚಿಡುತ್ತಿದ್ದೆ. ಕ್ಷೇಮ ಸಮಾಚಾರ ಬರೆದು ಕವರು ಅಂಟಿಸುತ್ತಿದ್ದೆ.

ಸರಿ, ಈಗ ಪುಟ ತಿರುಗಿಸುತ್ತೇನೆ. ಅವತ್ತು ಶಾರದಳೇ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟಳು. ರೂತಮ್ಮನ ಬಾಳಿನ ಚಿತ್ರಗಳೆಲ್ಲ ಇದ್ದ ದೊಡ್ಡ ಪುಸ್ತಕ. ಮೊದಲ ಪುಟದಲ್ಲೇ ಒಂದು ಬೂಟು. ಮೂವತ್ತೊಂಬತ್ತು, ನಲವತ್ತು. ನಲವತ್ತೊಂದು.

ಖಾಲಿ. ಇಡೀ ಪುಟ ಬಿಳಿ.

"ಅಯ್ಯೋ, ಪ್ರೆಸ್ಸಿನೋರು ಮರ್ತಾರೇನ್ರೀ?" ಅಂದಳು ಶಾರದ.

ಕೆಳಗೆ ಸಣ್ಣ ಅಕ್ಷರದ ನಾಲ್ಕು ಸಾಲು ಇತ್ತು. ಕನ್ನಡಕ ಒರೆಸಿಕೊಂಡು ಓದಿದೆ. ಕನ್ನಡದಲ್ಲಿ ಹೇಳಿದರೆ ಹೀಗೆ: "ಕರಿಯಮ್ಮ. ಹುಣಸೆ ಬೀಜದ ಗಂಜಿ ಬಳಿದ ಕಾಗದದ ಮೇಲೆ ಇದ್ದಿಲು. ಎಡಗೈ ಬರೆದವರು ನನ್ನ ಗೆಳೆಯ, ಡ್ರಾಯಿಂಗ್ ಮೇಷ್ಟ್ರು. ಚಿತ್ರ ಅದರ ಒಡತಿಯ ಮನೆಯಲ್ಲಿದೆ."

ಮೂರು ಸಲ ಓದಿದೆ. ಗೆಳೆಯ ಅನ್ನುವ ಮಾತಿನ ಹತ್ತಿರ ಬಂದಾಗಲೆಲ್ಲ ಅಕ್ಷರ ಕಾಣಿಸುತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಹೊಸದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಹಟ್ಟಿಗೆ ಈಗ ಆಟೋ ಇದೆ. ಬೀದಿಗೆ ಸಿಮೆಂಟು ಬಂದಿದೆ, ನೂಲು ಬಿಗಿಯುವ ಗೂಟಗಳಿಲ್ಲ. ಹನುಮಕ್ಕ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೂ ಈಗ ಐವತ್ತರ ಹತ್ತಿರ. ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

"ಕೈ ಬರೆದ ಮೇಷ್ಟ್ರಲ್ವಾ ನೀವು? ಬರ್ರಿ, ಒಳಗೆ ಬರ್ರಿ. ಈಗ ಬಂದ್ರಲ್ಲ! ಅವ್ವ ಹೋಗಿ ಆರು ವರ್ಷ ಆತು."

ಜೀವನದಲ್ಲಿ ಮೊದಲ ಬಾರಿಗೆ ಆ ಅಂಗಳ ದಾಟಿದೆ. ಚಾಪೆ ಹಾಕಿ ಕೂರಿಸಿ, ನೀರು ಕೊಟ್ಟು, ಹನುಮಕ್ಕ ಅವತ್ತಿನ ಸಂಗತಿ ಹೇಳಿದಳು. ನಾನು ಓಡಿಹೋದ ಮರುದಿನ ಬೆಳಗಿನ ಬಸ್ಸಿಗೆ ರೂತಮ್ಮ ಹಟ್ಟಿಗೆ ಬಂದಿದ್ದಳು.

"ಪಟ ಬಿಚ್ಚಿ ನಮ್ಮವ್ವನ ಮುಂದೆ ಇಟ್ಳು. ತಪ್ಪಾಗೈತೆ ಕರಿಯವ್ವ, ನಿನ್ ಮುಂದೇನೇ ಅಳಿಸ್ತೀನಿ ಅಂತ ಬನ್ ತೆಗೆದ್ಳು. ನಮ್ಮವ್ವ ನೋಡೇ ನೋಡಿದ್ಳು. ಸೆರಗಿಂದ ಎಡಗೈ ತೆಗೆದು ಪಟದಾಗಿನ ಕೈ ಪಕ್ಕ ಹಿಡಿದ್ಳು. ನಾನೇ ಅವ್ವನ ಕೈನ ಬೆಳಕ್ನಾಗೆ ನೋಡಿದ್ದು ಅವತ್ತು. ಆಮ್ಯಾಲೆ ರೂತಮ್ಮನ ರಟ್ಟೆ ಹಿಡ್ಕಂಡು, ಈ ಕೈ ನಾನು ತವರಿಂದ ತಂದಿದ್ದು ಕಣವ್ವ, ಅಳಿಸಬ್ಯಾಡ ಅಂದ್ಳು. ಇಬ್ರೂ ಅತ್ರು. ಆ ಅಮ್ಮ ಪಟ ಇಲ್ಲೇ ಬಿಟ್ಟು ಬರೀಗೈಯಾಗೆ ಹೋದ್ಳು."

"ನನಗೆ ಯಾಕೆ ಯಾರೂ ಹೇಳಲಿಲ್ಲವ್ವ?"

"ನೀವು ಬರ್ತೀರಿ ಅಂತ ಅವ್ವ ನೋಡಿದ್ಳು ಮೇಷ್ಟ್ರೇ. ನಿಮಗೆ ಅಂತ ಒಂದು ಕಂಬಳಿ ಮಾಡಿಸಿ ಇಟ್ಟಿದ್ಳು. ಮೂರು ವರ್ಷ ಇಟ್ಕಂಡಿದ್ಳು. ಆಮ್ಯಾಲೆ ನನ್ ಮದ್ವಿಗೆ ಅದನ್ನೇ ಹಾಸಿದ್ವಿ."

ಮೂವತ್ತು ವರ್ಷ ಹೆದರಿದ್ದು ಯಾವುದಕ್ಕೆ ನೋಡಿ. ಎಂಟು ಮೈಲಿ ಬಸ್ಸಿನಲ್ಲಿ ಬಂದಿದ್ದರೆ ಒಂದು ಕಂಬಳಿ ಹೊದ್ದು ವಾಪಸು ಹೋಗುತ್ತಿದ್ದೆ. ಕರಿಯಮ್ಮನ ಮುಂದೆ ಕೂತು ಒಂದು ಲೋಟ ಚಹಾ ಕುಡಿಯಬಹುದಿತ್ತು. ಹೇಡಿತನಕ್ಕೆ ನಾಚಿಕೆ ಎಂದು ಹೆಸರಿಟ್ಟುಕೊಂಡು ಕಾಲ ಕಳೆದೆ. ನನಗೆ ಅಳು ಬಂತು, ಹನುಮಕ್ಕನ ಮುಂದೆಯೇ ಅತ್ತೆ.

ಅವಳು ಟ್ರಂಕು ತೆಗೆದು, ಕಂಬಳಿಯಲ್ಲಿ ಸುತ್ತಿದ್ದ ಚಿತ್ರ ಬಿಡಿಸಿ ಗೋಡೆಗೆ ಆನಿಸಿದಳು. ಅದೇ ಮುಖ, ಅದೇ ಹಬೆ, ಅದೇ ಸೌಟು. ಇದ್ದಿಲು ಒಂದು ಚೂರೂ ಮಾಸಿರಲಿಲ್ಲ. ಎಡಗಡೆ ನೋಡಿದೆ. ಕೈ ಇರಲಿಲ್ಲ. ಐದು ಬೆರಳು, ಗೆಣ್ಣು, ಉಗುರು, ಒಂದೂ ಇಲ್ಲ. ಆ ಜಾಗದಲ್ಲಿ ನುಣ್ಣನೆಯ ಬೂದು ಬಣ್ಣದ ಒಂದು ಮಬ್ಬು ಮಾತ್ರ.

"ದಿನಾ ಸಂಜೆ ದೀಪ ಹಚ್ಚಿದ ಮ್ಯಾಲೆ ಪಟ ತೆಗೆಯೋಳು. ತನ್ನ ಮೂರು ಬೆರಳನ್ನ ಆ ಐದು ಬೆರಳ ಮ್ಯಾಲೆ ಇಟ್ಟು ಸವರೋಳು. ಸವರಿ ಸವರಿ ಅಳಿಸೇ ಹೋತು. ಮುಖ ಒಂದ್ಸಲಾನೂ ಮುಟ್ಟಲಿಲ್ಲ" ಅಂದಳು ಹನುಮಕ್ಕ. ಒಳಗೆ ಹೋಗಿ ಒಲೆಯಿಂದ ಒಂದು ಇದ್ದಿಲು ಆರಿಸಿ ತಂದಳು. "ನೀವೇ ಬಂದೀರಲ್ಲ, ಇನ್ನೊಂದ್ಸಲ ಬರೆದುಕೊಡ್ರಿ ಮೇಷ್ಟ್ರೇ. ಮೊಮ್ಮಕ್ಳು ಕೇಳ್ತಾವೆ, ಅಜ್ಜಿ ಕೈ ಎಲ್ಲಿ ಅಂತ."

ಇದ್ದಿಲು ಕೈ ಸೇರಿದ ಕೂಡಲೇ ಹೆಬ್ಬೆರಳು ತಾನಾಗಿ ಹಿಡಿತ ಹುಡುಕಿತು. ಎಲ್ಲಿ ಗೆಣ್ಣು, ಎಲ್ಲಿ ಉಗುರು, ಎಲ್ಲ ನೆನಪಿತ್ತು. ಚಿತ್ರದ ಮುಂದೆ ಮೊಣಕಾಲೂರಿ ಕೂತೆ. ಹತ್ತಿರದಿಂದ ನೋಡಿದರೆ ಆ ಮಬ್ಬಿನಲ್ಲಿ ಉಜ್ಜಿದ ಗುರುತು ಮೂರು ಸಾಲಾಗಿ ಕಾಣುತ್ತಿತ್ತು. ಇದ್ದಿಲನ್ನು ನೆಲದ ಮೇಲಿಟ್ಟೆ.

"ಬ್ಯಾಡ ಹನುಮಕ್ಕ. ಇದು ನಿಮ್ಮವ್ವ ಬರೆದದ್ದು. ಮೊಮ್ಮಕ್ಕಳಿಗೆ ಹಂಗೇ ಹೇಳು."

ಅವಳು ಒಮ್ಮೆ ನನ್ನನ್ನೂ, ಒಮ್ಮೆ ಚಿತ್ರವನ್ನೂ ನೋಡಿ, ಆಗಲಿ ಎಂದು ಮತ್ತೆ ಕಂಬಳಿಯಲ್ಲಿ ಸುತ್ತಿದಳು. ಊಟ ಮಾಡದೆ ಬಿಡಲಿಲ್ಲ. ಅವರೆಕಾಳಿನ ಸಾರು, ರಾಗಿಮುದ್ದೆ. ಕಟ್ಟಿಸಿದ ಹಲ್ಲಿಗೂ ಸಲೀಸು.

ಹಿರಿಯೂರಿಗೆ ಬಂದು ರೂತಮ್ಮನಿಗೆ ಕಾಗದ ಬರೆಯಲು ಕೂತೆ. ಈಗ ಆಕೆ ಕನ್ನಡ ನಿಧಾನವಾಗಿ ಓದುತ್ತಾಳೆ, ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆದೆ. "ರೂತಮ್ಮ, ಹಟ್ಟಿಗೆ ಹೋಗಿದ್ದೆ. ಮೂವತ್ತು ವರ್ಷ ತಡವಾಯಿತು, ಕ್ಷಮಿಸಿ. ಕರಿಯಮ್ಮ ಸವರಿ ಸವರಿ ಕೈ ಅಳಿಸಿಹೋಗಿದೆ. ಇದ್ದಿಲು ಕೊಟ್ಟರು. ನಾನು ಮುಟ್ಟಲಿಲ್ಲ."

ಶಾರದ ಹೆಗಲ ಮೇಲಿಂದ ಬಗ್ಗಿ ಓದಿದಳು. "ಇಷ್ಟೇನಾ? ಅಷ್ಟು ದೂರ ಹೋಗೋ ಕಾಗ್ದ, ಮುಕ್ಕಾಲು ಹಾಳೆ ಖಾಲಿ ಬಿಟ್ಟೀರಲ್ಲ. ಇನ್ನೇನಾದ್ರೂ ಬರೀರಿ."

"ಇರ್ಲಿ ಬಿಡೇ" ಎಂದು ಮಡಚಿ, ಕವರಿಗೆ ಅಂಟು ಹಚ್ಚಿದೆ.